ಕುಪ್ಪಸದ ಕೊರಳಿಗೆ ತಕ್ಕ ಕಿವಿಯೋಲೆ: ಮದುಮಗಳಿಗೆ ಅಳತೆ ಹಿಡಿದು ಆರಿಸುವ ಕ್ರಮ

ಜವಳಿ ತೆಗೆಯುವ ದಿನ ಗೊತ್ತಾಯಿತೆಂದರೆ ಪ್ರಶ್ನೆಗಳು ಶುರು. "ಬೋಟ್ ನೆಕ್ ಹೊಲಿಸೇನ್ರಿ, ಝುಮಕಿ ಹಾಕ್ಕೋಬಹುದೇನ್ರಿ?" "ಕಾಲರ್ ಕುಪ್ಪಸಕ್ಕ ಚಾಂದಬಾಲಿ ನಡೀತೈತೇನ್ರಿ?" "ಅವ್ವ ಟೀಕಿ (ಕೊರಳಿಗೆ ಅಂಟಿ ಕೂರುವ ಸರ) ಹಾಕ್ಕೋ ಅಂತಾಳ, ಕಿವ್ಯಾಗ ಏನು ಹಾಕ್ಕೊಳ್ಳಿ?" ಹುಬ್ಬಳ್ಳಿಯವರು, ಗದಗಿನವರು, ಹಾವೇರಿಯವರು ಎಲ್ಲರೂ ಕೇಳುವುದು ಇದನ್ನೇ. ಫೋನಿನಲ್ಲಿ ಒಂದು ಫೋಟೊ ತೋರಿಸಿ "ಇಂಥಾದ್ದ ಬೇಕು" ಎನ್ನುತ್ತಾರೆ. ಫೋಟೊದಲ್ಲಿರುವ ಹುಡುಗಿಯ ಕೊರಳು ಎಷ್ಟು ಉದ್ದ, ಅವಳ ಕುಪ್ಪಸ ಎಷ್ಟು ಇಳಿದಿದೆ, ತಲೆಗೆ ಬಾಸಿಂಗ ಇದೆಯೋ ಇಲ್ಲವೋ ಎಂದು ಮಾತ್ರ ಯಾರೂ ನೋಡುವುದಿಲ್ಲ. ಓಲೆಯನ್ನು ಆರಿಸಬೇಕಾದದ್ದು ಕಿವಿಗೂ ಭುಜಕ್ಕೂ ಕೊರಳಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಅಳೆದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಹೊಲಿದ ಕುಪ್ಪಸ (ಆಗಿಲ್ಲವೆಂದರೆ ಶಿಂಪಿಗರು ಬರೆದುಕೊಂಡ ಅಳತೆ ಚೀಟಿ), ಇಂಚು ಟೇಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಎದೆಮಟ್ಟದ ಕನ್ನಡಿ, ತಲೆಯ ಮೇಲೆ ಹೊದ್ದುಕೊಳ್ಳಲು ಒಂದು ಸೀರೆ. ಮದುವೆಗೆ ಕನಿಷ್ಠ 45 ದಿನ ಮೊದಲು ಈ ಕೆಲಸಕ್ಕೆ ಕೂಡಿ. ಪತ್ತಾರರ (ಅಕ್ಕಸಾಲಿಗರ) ಕೈಯಿಂದ ಮಾಡಿಸುವುದಾದರೆ ಲಗ್ನಸರಾಯಿಯಲ್ಲಿ ಮೂರು ನಾಲ್ಕು ವಾರ ಅವರೇ ಕೇಳುತ್ತಾರೆ. ರಿಪೇರಿ, ತಿರುಪು ಬದಲು, ಕಿವಿ ನೋವು ಇವಕ್ಕೆಲ್ಲ ಉಳಿದ ದಿನಗಳು ಬೇಕು.

1. ಎರಡು ಅಳತೆ ತೆಗೆಯಿರಿ

ಮೊದಲನೆಯದು ಕಿವಿಹಾಲೆಯ ತೂತಿನಿಂದ ನೇರ ಕೆಳಗೆ ಭುಜದವರೆಗೆ. ಕುಪ್ಪಸ ತೊಟ್ಟುಕೊಂಡು, ನೇರ ನಿಂತು, ಬೇರೆಯವರಿಂದ ಅಳೆಯಿಸಿ. ನೀವೇ ಅಳೆಯಲು ಹೋದರೆ ಕೊರಳು ವಾಲುತ್ತದೆ, ಅರ್ಧ ಇಂಚು ತಪ್ಪುತ್ತದೆ. ಸಾಮಾನ್ಯವಾಗಿ ಇದು 4ರಿಂದ 6 ಇಂಚಿನ ಒಳಗೆ ಬರುತ್ತದೆ. ಓಲೆಯ ಒಟ್ಟು ಉದ್ದ (ಮೇಲಿನ ಓಲೆಯಿಂದ ಕೆಳಗಿನ ಕೊನೆಯ ಮುತ್ತಿನ ತನಕ) ಈ ಅಳತೆಯ ಅರ್ಧ ದಾಟಬಾರದು. 5 ಇಂಚು ಇದ್ದರೆ ಎರಡೂವರೆ ಇಂಚು ಕೊನೆಯ ಮಿತಿ. ಕುಪ್ಪಸಕ್ಕೆ ಕಾಲರ್ ಇದ್ದರೆ ಅದರ ಎತ್ತರವನ್ನು ಮೊದಲು ಕಳೆಯಿರಿ. 5 ಇಂಚಿನಲ್ಲಿ ಒಂದೂವರೆ ಇಂಚಿನ ಕಾಲರ್ ಕಳೆದರೆ ಉಳಿದದ್ದು ಮೂರೂವರೆ, ಅರ್ಧ ಮಾಡಿದರೆ ಒಂದೂಮುಕ್ಕಾಲು. ಭುಜಕ್ಕೆ ಪಫ್ ಇಟ್ಟಿದ್ದರೆ ಪಫ್ಫಿನ ತುದಿಗೇ ಟೇಪು ಹಿಡಿಯಿರಿ.

ಎರಡನೆಯದು ಗಂಟಲ ಕುಳಿಯಿಂದ ಕುಪ್ಪಸದ ಅಂಚಿನವರೆಗೆ, ಅಂದರೆ ಕಾಣುವ ಬರಿಮೈ. ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. "ಮುಂದ 7 ಇಂಚು ಇಳಿಸೇನಿ" ಎಂದು ಶಿಂಪಿಗರು ಹೇಳಿದರೆ 7 ಇಂಚು ಬರಿಮೈ ಕಾಣುತ್ತದೆ ಎಂದಲ್ಲ. ಅವರು ಎಣಿಸುವುದು ಭುಜದ ಹೊಲಿಗೆಯಿಂದ. ಗಂಟಲ ಕುಳಿಯೇ ಭುಜದಿಂದ ಸುಮಾರು 3 ಇಂಚು ಕೆಳಗಿರುತ್ತದೆ. ಹಾಗಾಗಿ 7 ಇಂಚಿನ ಕೊರಳಿಗೆ ಉಳಿಯುವುದು 4 ಇಂಚು ಜಾಗ. 3ರಿಂದ ಮೂರೂವರೆ ಇಂಚಿನ ಬೋಟ್ ನೆಕ್ಕಿಗೆ ಉಳಿಯುವುದು ಏನೂ ಇಲ್ಲ.

ಈ ಎರಡು ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಗದ್ದಲದಲ್ಲಿ ನೆನಪಿರುವುದಿಲ್ಲ.

2. ಕೊರಳಿಗೆ ಓಲೆ ಹೊಂದಿಸಿ

ಬೋಟ್ ನೆಕ್. ಭುಜದಿಂದ ಭುಜಕ್ಕೆ ಅಗಲವಾಗಿ, ಗಂಟಲ ಹತ್ತಿರ ಮುಚ್ಚಿದ ಕೊರಳು. ಸರ ಇಡಲು ಜಾಗವಿಲ್ಲದ್ದರಿಂದ ನೋಡುವವರ ಕಣ್ಣು ನೇರ ಕಿವಿಗೆ ಹೋಗುತ್ತದೆ. ದೊಡ್ಡ ಝುಮಕಿಗೆ ಇದೇ ಒಳ್ಳೆಯ ಕೊರಳು. ಬುಟ್ಟಿಯ (ಝುಮಕಿಯ ಕೆಳಗಿನ ಗುಮ್ಮಟದಂಥ ಭಾಗ) ಅಗಲ ಒಂದು ಇಂಚಿನ ಸುಮಾರು ಇರಲಿ, ಅದಕ್ಕಿಂತ ಹೆಚ್ಚಾದರೆ ತಲೆ ತಿರುಗಿಸಿದಾಗ ದವಡೆಗೆ ಬಡಿಯುತ್ತದೆ. ಕೊರಳಲ್ಲಿ ಟೀಕಿ ಬೇಡ. ಬಟ್ಟೆಯ ಮೇಲೆ ಟೀಕಿ ಕೂತರೆ ಜಾರುತ್ತದೆ, ಜರಿಗೆ ಸಿಕ್ಕುತ್ತದೆ. ಬಂಗಾರ ಹಾಕಲೇಬೇಕು ಎಂದು ಮನೆಯವರು ಪಟ್ಟು ಹಿಡಿದರೆ ಬೋರಮಾಳ ಸರ, ಅವಲಕ್ಕಿ ಸರದಂಥ ಉದ್ದ ಸರ ಒಂದನ್ನು ಸೀರೆಯ ಮೇಲೆ ಬಿಡಿ.

ಹೈ ನೆಕ್ ಮತ್ತು ಕಾಲರ್. ಹೆಚ್ಚು ತಪ್ಪಾಗುವುದು ಇಲ್ಲಿ. ಕೊರಳು ಮುಚ್ಚಿದೆ, ಕಿವಿಗೆ ದೊಡ್ಡದೇ ಹಾಕೋಣ ಎಂದು ಉದ್ದ ಝುಮಕಿ ತರುತ್ತಾರೆ. ಅದು ಕಾಲರಿಗೆ ತಾಗಿ ಓರೆಯಾಗಿ ನಿಲ್ಲುತ್ತದೆ, ಪ್ರತಿ ಫೋಟೊದಲ್ಲೂ ಒಂದು ಕಿವಿಯದು ಮುಂದೆ, ಇನ್ನೊಂದರದು ಹಿಂದೆ. ಉದ್ದವನ್ನು ಬಿಟ್ಟು ಅಗಲಕ್ಕೆ ಹೋಗಿ. ಏಳು ಹರಳಿನ ಬೆಂಡೋಲೆ, ಅದರ ಕೆಳಗೆ ಬೇಕಾದರೆ ಚಿಕ್ಕ ಬುಟ್ಟಿ, ಮೇಲೆ ಬುಗುಡಿ (ಕಿವಿಯ ಮೇಲಂಚಿಗೆ ಹಾಕುವ ಒಡವೆ). ಬುಗುಡಿ ಇದ್ದರೆ ಕಿವಿ ಮೇಲಿನಿಂದ ಕೆಳಗಿನ ತನಕ ತುಂಬಿ ಕಾಣುತ್ತದೆ, ಕಾಲರಿನ ತಂಟೆಯೇ ಇಲ್ಲ. ಕಾಲರಿನ ಮೇಲೆ ಆರಿ ವರ್ಕ್ (ಸೂಜಿ ಕೊಕ್ಕೆಯಿಂದ ಮಣಿ, ಜರಿ ಕೂರಿಸುವ ಕಸೂತಿ) ಮಾಡಿಸಿದ್ದರೆ ಮುತ್ತಿನ ಗೊಂಚಲಿರುವ ಓಲೆ ಬೇಡವೇ ಬೇಡ. ಮಣಿಗೆ ಮುತ್ತಿನ ತಂತಿ ಸಿಕ್ಕಿ, ಬಿಡಿಸುವಷ್ಟರಲ್ಲಿ ಎರಡರಲ್ಲಿ ಒಂದು ಹರಿದಿರುತ್ತದೆ.

ದುಂಡು ಕೊರಳು. ನಮ್ಮ ಕಡೆ ಮುಹೂರ್ತದ ಕುಪ್ಪಸಗಳಲ್ಲಿ ಹೆಚ್ಚಿನವು ಇದೇ. ಬರಿಮೈ 1ರಿಂದ 3 ಇಂಚು ಇದ್ದರೆ ಒಂದು ಟೀಕಿ, ಅದರ ಜೊತೆ ಎರಡು ಇಂಚಿನ ಒಳಗಿನ ಝುಮಕಿ ಸರಿಹೋಗುತ್ತದೆ. 3 ಇಂಚು ದಾಟಿದರೆ ಆ ಜಾಗವನ್ನು ಸರ ತುಂಬಬೇಕು. ಆಗ ಓಲೆ ಒಂದು ಹೆಜ್ಜೆ ಹಿಂದೆ ಸರಿಯಲಿ. ಟೀಕಿ, ಪುತಳಿ ಸರ, ಬೋರಮಾಳ ಮೂರನ್ನೂ ಹಾಕಿ ಮೇಲೆ ದೊಡ್ಡ ಝುಮಕಿಯನ್ನೂ ತೂಗುಬಿಟ್ಟರೆ ಯಾವುದೂ ಬಿಡಿಯಾಗಿ ಕಾಣುವುದಿಲ್ಲ, ದೂರದಿಂದ ನೋಡಿದರೆ ಹಳದಿ ಗುಡ್ಡೆ. ಅತ್ತೆಮನೆಯವರು ಹಾಕಿದ ಸರ ತೆಗೆಯಲು ಆಗುವುದಿಲ್ಲ, ಗೊತ್ತು. ಅದಕ್ಕೇ ಓಲೆಯನ್ನು ಚಿಕ್ಕದು ಮಾಡಿ ಎನ್ನುವುದು.

ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಉಡುವವರಿಗೆ ಒಂದು ಮಾತು. ಇಳಕಲ್ಲಿನ ಟೋಪ್ ತೆನೆ ಸೆರಗು ಕೆಂಪು ನೆಲದ ಮೇಲೆ ಬಿಳಿ ಗೋಪುರದಂಥ ಸಾಲು. ಆ ಬಿಳಿಗೆ ಮುತ್ತು ಹೊಂದಿದಷ್ಟು ಹೊಳೆಯುವ ಹರಳು ಹೊಂದುವುದಿಲ್ಲ. ಮುತ್ತಿನ ಓಲೆ, ಇಲ್ಲವೇ ಅಂಚಿಗೆ ಮುತ್ತು ಕೂರಿಸಿದ ಸಾದಾ ಬಂಗಾರದ ಝುಮಕಿ ನೋಡಿ. ಖಣದ ಬಟ್ಟೆಯಲ್ಲೇ ಬುಟ್ಟಾ ತುಂಬಿರುವುದರಿಂದ ದೇವರ ಮೂರ್ತಿ ಕೆತ್ತಿದ ಟೆಂಪಲ್ ಝುಮಕಿ ಅದರ ಪಕ್ಕ ಕಳೆದುಹೋಗುತ್ತದೆ.

ಚೌಕ ಕೊರಳು. ಅಂಚು ನೇರ, ಮೂಲೆ ಚೂಪು. ದುಂಡನೆಯ ಝುಮಕಿ ಆ ಬಿಗಿಯನ್ನು ಸಡಿಲಿಸುತ್ತದೆ. ತಲೆ ಮೇಲೆ ಏನೂ ಇಲ್ಲದ ರಿಸೆಪ್ಷನ್ನಿಗಾದರೆ ಚಾಂದಬಾಲಿಯೂ (ಅರ್ಧಚಂದ್ರದ ಆಕಾರದ ಅಗಲ ಓಲೆ) ಆದೀತು. ಸ್ವೀಟ್ ಹಾರ್ಟ್ (ಹೃದಯದ ಮೇಲಂಚಿನ ಆಕಾರದ) ಕೊರಳಿಗೂ ಇದೇ ಮಾತು.

ವಿ ಕೊರಳು. ಲೋಲಾಕು, ಅಂದರೆ ಕೆಳಗೆ ಸಣ್ಣಗೆ ಇಳಿಯುವ ಓಲೆ. ಅಗಲದ್ದು ಬೇಡ.

ಹಿಂದೆ ಆಳವಾಗಿ ತೆರೆದ ಕೊರಳು. ಇದು ಓಲೆಯನ್ನು ಬದಲಿಸುವುದಿಲ್ಲ, ಕೂದಲನ್ನು ಬದಲಿಸುತ್ತದೆ. ಬೆನ್ನು ತೋರಿಸಲು ತುರುಬು ಎತ್ತಿ ಕಟ್ಟಿದರೆ ಓಲೆಯ ಹಿಂಭಾಗ, ತಿರುಪು ಎಲ್ಲ ಕಾಣುತ್ತದೆ. ಅಗ್ಗದ ಪ್ಲಾಸ್ಟಿಕ್ ಬಿರಡೆ ಅಲ್ಲಿ ಎದ್ದು ಹೊಡೆಯುತ್ತದೆ.

3. ತಲೆಯ ಮೇಲೆ ಏನು ಬರುತ್ತದೆ ನೋಡಿ

ಬೇರೆ ಊರಿನ ಸಲಹೆಗಳು ನಮ್ಮ ಮದುವೆಗೆ ಒಗ್ಗದಿರುವುದು ಈ ಹಂತದಲ್ಲೇ. ಬಾಸಿಂಗ ಕಟ್ಟುವ ಮನೆತನವಾದರೆ ಅದರ ದಾರ ಹಣೆಯಿಂದ ಕಿವಿಯ ಮೇಲೆ ಹಾದು ತಲೆಯ ಹಿಂದೆ ಗಂಟಾಗುತ್ತದೆ. ಬುಗುಡಿ ಹಾಕಿದ್ದರೆ ದಾರ ಅದರ ಮೇಲೆಯೇ ಕೂತು ಒತ್ತುತ್ತದೆ. ಕಟ್ಟುವ ಹಿರಿಯರಿಗೆ ಮೊದಲೇ ಹೇಳಿ, ದಾರವನ್ನು ಬುಗುಡಿಗಿಂತ ಒಂದು ಬೆರಳು ಮೇಲೆ ಒಯ್ಯಲಿ. ಮುಂಡಾವಳಿ (ಹಣೆಗೆ ಕಟ್ಟಿ ಎರಡೂ ಕೆನ್ನೆಯ ಪಕ್ಕ ಇಳಿಬಿಡುವ ಮುತ್ತಿನ ಎಳೆ) ಕಟ್ಟುವ ಮನೆಗಳಲ್ಲಿ ಆ ಎಳೆ ಸರಿಯಾಗಿ ಝುಮಕಿಯ ಪಕ್ಕದಲ್ಲೇ ತೂಗುತ್ತದೆ. ಎರಡೂ ಮುತ್ತಿನವಾದರೆ ಹೆಣೆದುಕೊಳ್ಳುವುದು ಗ್ಯಾರಂಟಿ. ಮುಂಡಾವಳಿ ಇದ್ದ ಹೊತ್ತಿಗೆ ತೂಗದ ಓಲೆ, ಬಿಚ್ಚಿದ ಮೇಲೆ ಝುಮಕಿ.

ಸೆರಗು ತಲೆಯ ಮೇಲೆ ಬಂದರೆ ಕಿವಿಯ ಅರ್ಧ ಮುಚ್ಚುತ್ತದೆ. ಚಾಂದಬಾಲಿಯ ಅಗಲವೆಲ್ಲ ಸೆರಗಿನ ಒಳಗೆ, ಹಣ ದಂಡ. ಕೆಳಗೆ ಇಳಿಯುವ ಓಲೆಯಾದರೆ ಸೆರಗಿನ ಅಂಚಿನಿಂದ ಹೊರಗೆ ಕಾಣುತ್ತದೆ. ಕೊಕ್ಕೆಯ ಓಲೆಗೆ ಸೆರಗಿನ ಜರಿ ಎಳೆ ಸಿಕ್ಕುವುದರಿಂದ ತಿರುಪಿನದೇ ಇರಲಿ.

ನತ್ತು ಭಾರದ್ದಾದರೆ ಅದರ ಸರಪಳಿ ಎಡಗಿವಿಯ ಮೇಲಿನ ಕೂದಲಿಗೆ ಸಿಕ್ಕಿಸುತ್ತಾರೆ. ಕಿವಿ ಚೈನಿನ (ಓಲೆಯ ಭಾರ ಹೊರಲು ಕೂದಲಿಗೆ ಸಿಕ್ಕಿಸುವ ಸರಪಳಿ) ಕೊಕ್ಕೆಯೂ ಅಲ್ಲೇ. ಎರಡನ್ನೂ ಒಂದೇ ಪಿನ್ನಿಗೆ ಹಾಕಬೇಡಿ. ನಕ್ಕಾಗ ನತ್ತು ಎಳೆದರೆ ಓಲೆಯೂ ಏಳುತ್ತದೆ.

ಇನ್ನು ಹಾರ. ಹಾವೇರಿಯ ಏಲಕ್ಕಿ ಹಾರ ಚೆಂದ, ಗಟ್ಟಿ, ವರ್ಷಗಟ್ಟಲೆ ಇಡಬಹುದು. ಆದರೆ ಹೂವಿನ ಹಾರದ ಹಾಗೆ ಮೆತ್ತಗೆ ಬಾಗುವುದಿಲ್ಲ. ಭುಜದ ಮೇಲೆ ಅದರ ದಪ್ಪ ಒಂದೆರಡು ಇಂಚು ಎದ್ದು ನಿಲ್ಲುತ್ತದೆ. ಮೊದಲ ಹಂತದ ಅಳತೆಯಿಂದ ಅದನ್ನೂ ಕಳೆಯಬೇಕು. ಹಾರ ಹಾಕುವಾಗ ಮದುಮಗ ತಲೆಯಿಂದ ಇಳಿಸುವ ಬದಲು ಪಕ್ಕದಿಂದ ತಂದರೆ ಝುಮಕಿಗೆ ಸಿಕ್ಕದೆ ಇರಲು ಸಾಧ್ಯವೇ ಇಲ್ಲ. ಒಮ್ಮೆ ಅವರಿಗೂ ಹೇಳಿಬಿಡಿ.

4. ಕಿವಿ ಎಷ್ಟು ಹೊರುತ್ತದೆ

ಒಂದೊಂದು ಕಿವಿಯದನ್ನೂ ಬೇರೆ ಬೇರೆ ತೂಗಿ. ಲೆಕ್ಕ ಹೀಗಿಟ್ಟುಕೊಳ್ಳಿ: ಒಂದು ಕಿವಿಗೆ 8 ಗ್ರಾಂ ತನಕ ದಿನವಿಡೀ ನಡೆಯುತ್ತದೆ. 8ರಿಂದ 12ಕ್ಕೆ ಕಿವಿ ಚೈನು (ಮಾಟಿ) ಬೇಕೇಬೇಕು. 12 ದಾಟಿದರೆ ಅಕ್ಕಿಕಾಳು (ಅಕ್ಷತೆ) ಬೀಳುವ ಹೊತ್ತಿಗೆ ಹಾಕಿ, ಊಟಕ್ಕೆ ಕೂಡುವ ಮೊದಲು ತೆಗೆಯಿರಿ. ಇಮಿಟೇಶನ್ ಎಂದರೆ ಹಗುರ ಎಂಬ ಭ್ರಮೆ ಬೇಡ. ಬಂಗಾರದ ಝುಮಕಿಯನ್ನು ತೆಳು ತಗಡಿನಿಂದ ಪೊಳ್ಳಾಗಿ ಮಾಡುತ್ತಾರೆ, ಎರಕ ಹೊಯ್ದ ಹಿತ್ತಾಳೆಯದು ಒಂದೊಂದೇ 20 ಗ್ರಾಂ ದಾಟುವುದುಂಟು.

ಕಿವಿ ಚೈನು ಸುಮ್ಮನೆ ಅಲಂಕಾರಕ್ಕಲ್ಲ, ಭಾರ ಹೊರಲು. ಉದ್ದ ಸರಿ ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ಕಿವಿಯ ಮೇಲೆ ಕೂದಲು ಬಿಗಿಯಾಗಿ ಬಾಚಿದ ಜಾಗಕ್ಕೆ ಪಿನ್ನು ಹಾಕಿ, ಅಲ್ಲಿಂದ ಚೈನು ಬಿಡಿ. ಚೈನು ಜೋಲಿ ಹೊಡೆಯುತ್ತಿದ್ದರೆ ಭಾರವೆಲ್ಲ ಕಿವಿಯ ಮೇಲೇ ಇದೆ ಎಂದರ್ಥ. ತೀರಾ ಗಿಡ್ಡವಾದರೆ ಕಿವಿಹಾಲೆ ಮೇಲೆ ಎಳೆದು ಓಲೆ ಮುಖ ಆಕಾಶಕ್ಕೆ ತಿರುಗುತ್ತದೆ. ಚೈನು ನೆಟ್ಟಗಾಗಿದ್ದು ಹಾಲೆ ಸ್ವಲ್ಪವೂ ಎಳೆಯದೆ ಇದ್ದರೆ ಸರಿ. ಶಾಂಪೂ ಹಚ್ಚಿ ತೊಳೆದ ಆ ದಿನದ ಕೂದಲಲ್ಲಿ ಪಿನ್ನು ಜಾರುತ್ತದೆ. ತಲೆಗೆ ಹಿಂದಿನ ದಿನ ನೀರು ಹಾಕಿಕೊಳ್ಳಿ.

ತೂತು ಕೆಳಗೆ ಇಳಿದು ಗೀಟಿನ ಹಾಗೆ ಆಗಿದ್ದರೆ ಭಾರದ್ದಕ್ಕೆ ಕೈ ಹಾಕಬೇಡಿ. ಹಾಲೆಯ ಹಿಂದೆ ಅಂಟಿಸುವ ಪಾರದರ್ಶಕ ಪಟ್ಟಿ ಫ್ಯಾನ್ಸಿ ಅಂಗಡಿಗಳಲ್ಲಿ ಸಿಗುತ್ತದೆ, ಹಗುರ ಓಲೆಗೆ ಒಂದು ದಿನಕ್ಕೆ ಸಾಕು. ಪೂರ್ತಿ ಹರಿದದ್ದನ್ನು ವೈದ್ಯರು ಹೊಲಿಯುತ್ತಾರೆ, ಆದರೆ ಮತ್ತೆ ಚುಚ್ಚಲು ಕೆಲವು ತಿಂಗಳು ಕಾಯಬೇಕು. ಹೊಸದಾಗಿ ಚುಚ್ಚಿಸಿದ ಹಾಲೆ ಮಾಯಲು 6ರಿಂದ 8 ವಾರ. ಬುಗುಡಿಯ ಆಸೆಗೆ ಕಿವಿಯ ಮೇಲಂಚನ್ನು ಮದುವೆಗೆ ತಿಂಗಳಿರುವಾಗ ಚುಚ್ಚಿಸುವುದು ದೊಡ್ಡ ತಪ್ಪು. ಅಲ್ಲಿರುವುದು ಮೃದ್ವಸ್ಥಿ, ಮಾಯಲು ಆರು ತಿಂಗಳಾದರೂ ಬೇಕು, ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಒತ್ತಿ ಕೂರಿಸುವ ಬುಗುಡಿ ಸಿಗುತ್ತದೆ, ಅದನ್ನೇ ಹಾಕಿ.

5. ತಿರುಪು, ಕೊಂಡಿ

ಎದುರಿನಿಂದ ನೋಡಿ ಮೆಚ್ಚಿದ್ದಾಯಿತು, ತಿರುಗಿಸಿ ನೋಡಿ. ತಿರುಪು (ಕೆಲವರು ಫಿರಕಿ ಎನ್ನುತ್ತಾರೆ) ಕೊನೆಯ ಸುತ್ತಿನ ತನಕ ಗಟ್ಟಿಯಾಗಿ ಹೋಗಬೇಕು. ಎರಡು ಸುತ್ತಿಗೇ ಸಡಿಲಾದರೆ ಮರೆ (ತಿರುಪಿನ ಒಳಗಿನ ಗೆರೆ) ಸವೆದಿದೆ. ಎಡದ ತಿರುಪನ್ನು ಬಲಕ್ಕೆ ಹಾಕಿ ನೋಡಿ. ಕೈಯಿಂದ ಮಾಡಿದವು ಅದಲುಬದಲಾದರೆ ಕೂಡುವುದಿಲ್ಲ, ಹಾಗಿದ್ದರೆ ಒಂದಕ್ಕೆ ಗುರುತು ಮಾಡಿಸಿ. ದಂಟು ನಿಮ್ಮ ತೂತಿಗಿಂತ ದಪ್ಪ ಇದ್ದರೆ ಅಂಗಡಿಯಲ್ಲೇ ಹೇಳಿ, ಮದುವೆ ಮುಂಜಾನೆ ಎಣ್ಣೆ ಹಚ್ಚಿ ತುರುಕುವ ಕೆಲಸ ಬೇಡ.

ಸಾಧ್ಯವಾದರೆ ಬುಟ್ಟಿ ಬಿಚ್ಚಿ ಇಡಬಹುದಾದ ಝುಮಕಿ ಮಾಡಿಸಿ. ಮುಹೂರ್ತಕ್ಕೆ ಪೂರ್ತಿ, ರಿಸೆಪ್ಷನ್ನಿನ ಕಾಲರ್ ಕುಪ್ಪಸಕ್ಕೆ ಮೇಲಿನ ಓಲೆಯಷ್ಟೇ, ಮುಂದೆ ಸಣ್ಣಪುಟ್ಟ ಕಾರ್ಯಕ್ಕೂ ಅದೇ. ಒಂದು ಜೋಡಿಯ ಬಂಗಾರದಲ್ಲಿ ಎರಡು ಜೋಡಿಯ ಉಪಯೋಗ. ಆದರೆ ಬುಟ್ಟಿ ತೂಗುವ ಕೊಂಡಿ ತೆರೆದ ಕೊಕ್ಕೆಯಾಗಿದ್ದರೆ ಕುಣಿಯುವಾಗ ಕಳಚಿ ಬೀಳುತ್ತದೆ. ಸಣ್ಣ ತಿರುಪು ಇಲ್ಲವೇ ಮುಚ್ಚುವ ಕೊಂಡಿ ಕೇಳಿ.

6. ಅಂಗಡಿಯಲ್ಲಿ

ಹುಬ್ಬಳ್ಳಿಯಲ್ಲಿ ಕೊಂಡರೂ ಗದಗಿನ ಸರಾಫ ಬಜಾರದಲ್ಲಿ ಕೊಂಡರೂ ಕುಪ್ಪಸ ಚೀಲದಲ್ಲಿರಲಿ. ಕೊರಳ ಸರದ ಜೊತೆ "ಸೆಟ್" ಎಂದು ಕೊಡುವ ಓಲೆಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಆ ಓಲೆ ಸರಕ್ಕೆ ಹೊಂದುವಂತೆ ಮಾಡಿದ್ದು, ನಿಮ್ಮ ಕೊರಳಿಗಲ್ಲ. ಸರ ಮಾತ್ರ ತೆಗೆದುಕೊಂಡು ಓಲೆ ಬೇರೆ ಆರಿಸಬಹುದೇ ಎಂದು ಕೇಳಿ, ಬಹಳ ಕಡೆ ಒಪ್ಪುತ್ತಾರೆ.

ಬಂಗಾರವಾದರೆ ಹಾಲ್‌ಮಾರ್ಕ್ ನೋಡಿ. 22 ಕ್ಯಾರೆಟ್ಟಿಗೆ 916, 18 ಕ್ಯಾರೆಟ್ಟಿಗೆ 750 ಎಂದಿರುತ್ತದೆ. ಜೊತೆಗೆ ಅಕ್ಷರ, ಅಂಕಿ ಸೇರಿದ ಆರು ಗುರುತಿನ ಎಚ್‌ಯುಐಡಿ (ಆ ಒಡವೆಗಷ್ಟೇ ಸೇರಿದ ಸಂಕೇತ) ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಆರನ್ನು ಒತ್ತಿದರೆ ವಿವರ ಬರುತ್ತದೆ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಇದೆ, ಹಾಗಾಗಿ ಪುಟ್ಟ ಓಲೆಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಹರಳು, ಮುತ್ತು, ಒಳಗಿನ ಅರಗು ಇವುಗಳ ತೂಕ ಕಳೆದು ಬಂಗಾರ ಎಷ್ಟು ಎಂದು ಬಿಲ್ಲಿನಲ್ಲಿ ಬೇರೆ ಬರೆಸಿ. ಮಜೂರಿ, ಸವಕಳಿ (ವೇಸ್ಟೇಜ್) ಬೇರೆ ಬೇರೆ ಸಾಲಿನಲ್ಲಿ ಬರಲಿ. ಇನ್ನೊಂದು: ಮನೆಯ ಹಿರಿಯರು "ಒಂದು ತೊಲಿ" ಎಂದರೆ 11.66 ಗ್ರಾಂ, ಇವತ್ತಿನ ಅಂಗಡಿ ಮಾತಿನಲ್ಲಿ ಹಲವು ಸಲ 10 ಗ್ರಾಂ. ಗ್ರಾಮಿನಲ್ಲೇ ಮಾತಾಡಿ, ಜಗಳ ಉಳಿಯುತ್ತದೆ.

ಒನ್ ಗ್ರಾಂ ಗೋಲ್ಡ್ (ಬೇರೆ ಲೋಹಕ್ಕೆ ತೆಳು ಬಂಗಾರದ ಲೇಪ ಕೊಟ್ಟ ಒಡವೆ) ಕೊಳ್ಳುವವರು ಕನಿಷ್ಠ ಎರಡು ವಾರ ಮೊದಲು ಕೊಂಡು ಒಂದು ದಿನ ನಾಲ್ಕೈದು ತಾಸು ಹಾಕಿ ನೋಡಿ. ಬೆರಕೆ ಲೋಹದ ನಿಕ್ಕಲ್ ಕೆಲವರಿಗೆ ಆಗುವುದಿಲ್ಲ. ತುರಿಕೆ ಆಗಲೇ ಕಾಣದೆ ಒಂದೆರಡು ದಿನ ಬಿಟ್ಟು ಏಳುತ್ತದೆ, ಮದುವೆ ದಿನ ಮೊದಲ ಸಲ ಹಾಕಿದರೆ ಗೊತ್ತಾಗುವುದು ಮಾರನೆಯ ದಿನ. ದಂಟು, ತಿರುಪು ಮಾತ್ರ ಬಂಗಾರದ್ದು ಇಲ್ಲವೇ ಬೆಳ್ಳಿಯದು ಹಾಕಿಸಿದರೆ ಹೆಚ್ಚಿನವರಿಗೆ ತೊಂದರೆ ತಪ್ಪುತ್ತದೆ.

7. ಮನೆಯಲ್ಲಿ ಒಂದು ತಾಲೀಮು

ಕುಪ್ಪಸ, ಓಲೆ, ಸರ, ಬುಗುಡಿ, ನತ್ತು ಎಲ್ಲ ಹಾಕಿ, ತಲೆ ಮೇಲೆ ಸೆರಗು ಹೊದ್ದು ಎರಡು ತಾಸು ಇರಿ. ಹತ್ತು ಸಲ ಬಗ್ಗಿ ಕಾಲಿಗೆ ನಮಸ್ಕಾರ ಮಾಡುವಂತೆ ಮಾಡಿ. ನಿಜವಾದ ದಿನ ಅದು ನೂರಾಗುತ್ತದೆ. ಬಗ್ಗಿದಾಗ ಝುಮಕಿ ಕೆನ್ನೆಗೆ ಹೊಡೆದರೆ ಉದ್ದ ಹೆಚ್ಚಾಯಿತು. ಯಾರನ್ನಾದರೂ ಹಿಂದೆ ನಿಲ್ಲಿಸಿ ತಾಳಿ ಕಟ್ಟುವ ಹಾಗೆ ಒಂದು ದಾರ ಕಟ್ಟಿಸಿ. ಓಲೆಗೆ ಬೆರಳು ತಾಗಿದರೆ ಚೈನನ್ನು ಕೂದಲೊಳಗೆ ಸೇರಿಸಿ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆದು ನೋಡಿ. ರಿಸೆಪ್ಷನ್ನಿಗೆ ನೆಟ್ ದುಪಟ್ಟಾ ಇದ್ದರೆ ಅದನ್ನೂ ಹೊದ್ದು ನೋಡಬೇಕು, ನೆಟ್ಟಿನ ಕಣ್ಣಿಗೆ ಓಲೆಯ ಮುತ್ತು ಸಿಕ್ಕುವುದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ.

8. ಆ ದಿನ

ಅರಿಶಿನ ಹಚ್ಚುವಾಗ ಮುತ್ತು, ಕುಂದನ್ ಎರಡೂ ಬೇಡ. ಮುತ್ತಿಗೆ ಅರಿಶಿನದ ಕಲೆ ಹತ್ತಿದರೆ ಹೋಗುವುದಿಲ್ಲ. ಕುಂದನ್ನಿನ ಹರಳು ಅರಗಿನ ಮೇಲೆ ಕೂತಿರುತ್ತದೆ, ಕೆಳಗೆ ಹೊಳಪಿನ ತಗಡು, ನೀರು ಇಳಿದರೆ ಹರಳು ಕಪ್ಪಾಗುತ್ತದೆ. ಸಾದಾ ಬಂಗಾರದ ರಿಂಗು ಸಾಕು. ಹೇರ್ ಸ್ಪ್ರೇ, ಸೆಂಟು ಎಲ್ಲ ಮುಗಿಸಿ ಹತ್ತು ನಿಮಿಷ ಬಿಟ್ಟು ಓಲೆ ಹಾಕಿ. ಕ್ರಮ ಹೀಗಿರಲಿ: ಕುಪ್ಪಸ, ಸೀರೆ, ಕೂದಲು, ಸರ, ಬುಗುಡಿ, ಓಲೆ, ಚೈನು, ನತ್ತು, ಕೊನೆಗೆ ಬಾಸಿಂಗ.

ನಂಬಿಗಸ್ತ ಗೆಳತಿ ಇಲ್ಲವೇ ಚಿಕ್ಕಮ್ಮನ ಕೈಯಲ್ಲಿ ಒಂದು ಸಣ್ಣ ಡಬ್ಬಿ ಕೊಡಿ. ಅದರಲ್ಲಿ ಎರಡು ಹೆಚ್ಚಿನ ತಿರುಪು, ನಾಲ್ಕು ರಬ್ಬರ್ ಬಿರಡೆ, ಕಪ್ಪು ಪಿನ್ನು, ಅಂಟುಪಟ್ಟಿ, ಚಿಮಟ, ಹಗುರವಾದ ಒಂದು ಜೋಡಿ ಓಲೆ. ಚಿಮಟ ಯಾಕೆ ಎಂದರೆ, ಜಾಲರಿ ಕೆಲಸದ ಝುಮಕಿಯ ಕಣ್ಣಲ್ಲಿ ಅಕ್ಕಿಕಾಳು ಸಿಕ್ಕಿಕೊಂಡು ಕೂತಿರುತ್ತದೆ, ಉಗುರಿನಿಂದ ಬರುವುದಿಲ್ಲ. ರಾತ್ರಿ ತೆಗೆದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಬೆವರು ಒರೆಸಿ, ತಿರುಪು ಹಾಕಿಯೇ ಡಬ್ಬಿಯಲ್ಲಿಡಿ. ಬಿಡಿ ತಿರುಪು ಮದುವೆ ಮನೆಯ ಹಾಸಿಗೆಯಲ್ಲಿ ಕಳೆದರೆ ಸಿಗುವ ಮಾತಿಲ್ಲ.